ಸ್ವಲ್ಪ ನಗಿ ಅಜ್ಜೀ!

ಪುಣ್ಯ ಸಂಪಾದನೆಗೆ ಬೆಂಗಳೂರಿನವರು ಈಗ ಕಾಶಿಗೆ ಹೋಗಬೇಕಿಲ್ಲ. ಹುಟ್ಟುಹಬ್ಬದ ದಿನ ಒಂದು ಕೇಕು, ನಾಲ್ಕು ಡಜನ್ ಬಾಳೆಹಣ್ಣು ಹಿಡಿದು ಹತ್ತಿರದ ವೃದ್ಧಾಶ್ರಮಕ್ಕೆ ನುಗ್ಗಿದರೆ ಸಾಕು. ಆಫೀಸಿನ ಗೋಡೆಯ ಮೇಲೆ ದರಪಟ್ಟಿಯೇ ಇರುತ್ತದೆ: ತಿಂಡಿಗೆ ಇಷ್ಟು, ಊಟಕ್ಕೆ ಇಷ್ಟು, ಪಾಯಸ ಸೇರಿದರೆ ಇಷ್ಟು. ದುಡ್ಡು ಕಟ್ಟಿದವರು ಬಂದು ಸೌಟು ಹಿಡಿಯುವ ತನಕ ಖಾಲಿ ತಟ್ಟೆ ಕಾಯುವುದು ಅಲ್ಲಿರುವವರ ಧರ್ಮ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಾನಿಗಳು ಎರಡೂವರೆಗೆ ಬರುತ್ತಾರೆ. ಹನ್ನೆರಡಕ್ಕೇ ಇನ್ಸುಲಿನ್ ಚುಚ್ಚಿಸಿಕೊಂಡ ಅಜ್ಜಿ ಅಷ್ಟರಲ್ಲಿ ಬೆವರಿ ನಡುಗುತ್ತಿದ್ದರೆ, ಅದು ಕೃತಜ್ಞತೆ.

"ಸ್ವಲ್ಪ ನಗಿ ಅಜ್ಜೀ" ಎನ್ನುತ್ತಾನೆ ಮೊಬೈಲ್ ಹಿಡಿದವನು. ಹಲ್ಲಿನ ಸೆಟ್ಟು ಕೋಣೆಯಲ್ಲೇ ಉಳಿಯಿತು ಎಂದರೆ ಕೇಳುವವರಾರು? ಬೊಚ್ಚುಬಾಯಿಗೆ ಲೈಕು ಜಾಸ್ತಿ.

ತಿಂಗಳಿಗೆ ಹತ್ತಾರು ಸಾವಿರ ಪಡೆಯುವ ಕಡೆ ಈ ಕಾಟವಿಲ್ಲ. ಅಲ್ಲಿಯ ಗಿರಾಕಿ ನ್ಯೂಜೆರ್ಸಿಯಲ್ಲಿದ್ದಾನೆ. ಹುಲ್ಲುಹಾಸು, ಸಿಸಿಟಿವಿ, ಆ್ಯಪಿನಲ್ಲಿ ಅಪ್ಪನ ಬಿಪಿ, ಎಲ್ಲವೂ ಅವನ ನೆಮ್ಮದಿಗೆ. ಅಪ್ಪನಿಗೆ ಏಳಕ್ಕೆ ಊಟ, ಎಂಟಕ್ಕೆ ದೀಪ ಬಂದ್. ಮೂವತ್ತು ವರ್ಷ ಹೈಸ್ಕೂಲಿನ ಹುಡುಗರಿಗೆ ರಜೆ ಚೀಟಿ ಬರೆದುಕೊಟ್ಟ ಹೆಡ್‌ಮಾಸ್ತರರು ಮೂಲೆಯಂಗಡಿಯ ಕಾಫಿಪುಡಿಗೆ ಗೇಟು ದಾಟಬೇಕಾದರೆ ಮಗನ ಇಮೇಲ್ ಬರಬೇಕು. ಅಮೆರಿಕದಲ್ಲಿ ಬೆಳಗಾಗಿ ಮಗ ಆಫೀಸಿನಲ್ಲಿ ಕೂತು ಇಮೇಲ್ ಬರೆಯುವ ಹೊತ್ತಿಗೆ ಇಲ್ಲಿ ಅಂಗಡಿಯ ಬಾಗಿಲು ಮುಚ್ಚಿರುತ್ತದೆ. ಮೇಲಿಂದ ನರ್ಸಮ್ಮನ ಮುದ್ದು: "ತಾತಾ, ಗುಡ್ ಬಾಯ್ ಥರ ಮಾತ್ರೆ ನುಂಗಿ!"

ಸರ್ಕಾರ ಕಣ್ಣುಮುಚ್ಚಿ ಕೂತಿಲ್ಲ. 2007ರಲ್ಲೇ ಹಿರಿಯ ನಾಗರಿಕರ ಕಾಯಿದೆ ಮಾಡಿತು. ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಜಾಗ ಎಂದು ಬರೆದು, ಕಟ್ಟುವುದನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. ಮಕ್ಕಳು ಕೊಡಬೇಕಾದ ಜೀವನಾಂಶ ತಿಂಗಳಿಗೆ 10,000 ರೂಪಾಯಿ ಮೀರಬಾರದು ಎಂದು ಮಕ್ಕಳ ಕಷ್ಟವನ್ನೂ ನೆನೆಯಿತು. ಹೆತ್ತವರನ್ನು ನಡುನೀರಿನಲ್ಲಿ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡವಷ್ಟೇ ಬಿದ್ದರೆ ಲೆಕ್ಕ ಸುಲಭ: ಸಾಕುವುದಕ್ಕಿಂತ ಬಿಟ್ಟುಹೋಗುವುದೇ ಅಗ್ಗ.

ಇದನ್ನು ಸರಿಪಡಿಸಲು 2019ರಲ್ಲಿ ತಿದ್ದುಪಡಿ ಮಸೂದೆಯೊಂದು ಲೋಕಸಭೆಗೆ ಬಂತು. ಜೀವನಾಂಶದ ಮಿತಿ ತೆಗೆಯುವುದು, ಆರೈಕೆ ಕೇಂದ್ರಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲವೂ ಅದರಲ್ಲಿತ್ತು. ಸ್ಥಾಯಿ ಸಮಿತಿಯ ಆರೈಕೆಯಲ್ಲಿ ಕೆಲಕಾಲವಿದ್ದು, ಬಂದು ಮಾತಾಡಿಸುವವರಿಲ್ಲದೆ, 2024ರಲ್ಲಿ ಸದನ ವಿಸರ್ಜನೆಯಾದಾಗ ಅದೂ ತೀರಿಕೊಂಡಿತು.

ಇನ್ನು ಕಾಯಿದೆಯನ್ನು ನಂಬಿ ಕೂರುವುದು ಬೇಡ, ನನ್ನದೊಂದು ಯೋಜನೆಯಿದೆ. ದಾನಿಗಳ ದರಪಟ್ಟಿಯ ಪಕ್ಕದಲ್ಲೇ ವೃದ್ಧರದ್ದೂ ಒಂದನ್ನು ತೂಗುಹಾಕೋಣ. ಒಂದು ನಗುವಿಗೆ ನೂರು, ತಲೆ ಮೇಲೆ ಕೈಯಿಟ್ಟು ಆಶೀರ್ವಾದಕ್ಕೆ ಇನ್ನೂರು, ಕೇಕು ತಿನ್ನುವಾಗ ಉಕ್ಕುವ ಆನಂದಬಾಷ್ಪಕ್ಕೆ ಐನೂರು. ರೀಲ್ಸ್ ಆದರೆ ಡಬಲ್, ಜಿಎಸ್‌ಟಿ ಬೇರೆ. ವಾರಕ್ಕೆ ಮೂರು ಹುಟ್ಟುಹಬ್ಬ ಬಿದ್ದರೂ ಅಜ್ಜಿಯ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಅಮ್ಮನಿಗೆ ಸಂಪಾದನೆ ಶುರುವಾಗಿದೆ ಎಂಬ ಸುದ್ದಿ ಹೊರಗೆ ಬರಲಿ, ನೋಡಿ. ಇಷ್ಟು ವರ್ಷದ ಕಾಯಿದೆಯಿಂದ ಆಗದ್ದು ಮರುದಿನ ಬೆಳಗ್ಗೆಯೇ ಆಗಿರುತ್ತದೆ: ಮಗ ಒಂದು ಕಾರಿನಲ್ಲಿ, ಮಗಳು ಇನ್ನೊಂದರಲ್ಲಿ ಬಂದು, ಅಮ್ಮ ಯಾರ ಮನೆಗೆ ಎಂದು ಗೇಟಿನಲ್ಲೇ ಜಗಳ ತೆಗೆದಿರುತ್ತಾರೆ.