ದೇವರಿಗೆ ಲಿಫ್ಟು, ಭಕ್ತನಿಗೆ ಮೆಟ್ಟಿಲು

(ಗೊಟ್ಟಿಗೆರೆಯ ಒಂದು ಅಪಾರ್ಟ್‌ಮೆಂಟು, ಒಂಬತ್ತನೇ ಮಹಡಿ. ಬಾಗಿಲಲ್ಲಿ ರಾಯರು. ಎದುರಿಗೆ ಚೀಲ ಹೊತ್ತು ಏದುಸಿರು ಬಿಡುತ್ತಿರುವ ಸಿದ್ಧ.)

ರಾಯರು: ಹತ್ತು ನಿಮಿಷ ಅಂದವನು ಇಪ್ಪತ್ತಕ್ಕೆ ಬರ್ತೀಯಲ್ಲಯ್ಯಾ!

ಸಿದ್ಧ: ಕಾಳೇನ ಅಗ್ರಹಾರದ ಟ್ರಾಫಿಕ್ ದಾಟಿ ಏಳೇ ನಿಮಿಷಕ್ಕೆ ಗೇಟಿಗೆ ಬಂದೆ ಸಾರ್. ಮಿಕ್ಕಿದ್ದು ಹತ್ತಿದ್ದು.

ರಾಯರು: ಲಿಫ್ಟಿಗೇನಾಗಿತ್ತು?

ಸಿದ್ಧ: ‘ನಿವಾಸಿಗಳಿಗೆ ಮಾತ್ರ’ ಅಂತ ಬೋರ್ಡಿತ್ತು. ಒಳಗೆ ಒಂದು ನಾಯಿ ನಿಂತಿತ್ತು. ಅದು ನಿವಾಸಿ ಇರಬೇಕು.

ರಾಯರು: ಆ ಬೋರ್ಡು ಹಾಕಿಸಿದ್ದೇ ನಾನು, ಸಂಘದ ಕಾರ್ಯದರ್ಶಿ!

ಸಿದ್ಧ: ಅದಕ್ಕೇ ಸಾರ್, ಅಕ್ಷರ ಎಷ್ಟು ದುಂಡಗಿದೆ!

ರಾಯರು: ಗ್ರಾಹಕ ಅಂದ್ರೆ ದೇವರು ಕಣೋ! (ಮೈಮೇಲೇ ಬಂದ ಹಾಗಿತ್ತು.)

ಸಿದ್ಧ: ಗೊತ್ತು ಸಾರ್. ನಾಲ್ಕು ಸಲ ಫೋನ್ ಮಾಡಿದೆ, ದೇವರು ಎತ್ತಲಿಲ್ಲ. ಕೆಳಗೆ ಪೂಜಾರಿ ಬಿಡಲಿಲ್ಲ.

ರಾಯರು: ಪೂಜಾರಿನಾ?

ಸಿದ್ಧ: ವಾಚ್‌ಮನ್ ಸಾರ್.

ರಾಯರು: ಐಸ್‌ಕ್ರೀಮ್ ಕರಗಿಹೋಗಿದೆ!

ಸಿದ್ಧ: ಯಾರಾದ್ರೂ ಒಬ್ರು ಕರಗಬೇಕಲ್ಲ ಸಾರ್.

ರಾಯರು: ಒಂದೇ ಸ್ಟಾರ್ ಕೊಡೋದು, ನೋಡ್ತಿರು.

ಸಿದ್ಧ: ಪರವಾಗಿಲ್ಲ ಸಾರ್, ಹತ್ತುವಾಗ್ಲೇ ಕಣ್ಮುಂದೆ ಏಳೆಂಟು ಕಂಡವು.

ರಾಯರು: ನಿಮಗೇನಪ್ಪಾ, 2025ರಲ್ಲಿ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆನೇ ಮಾಡಿದೆ.

ಸಿದ್ಧ: ಹೌದು ಸಾರ್. ಕೆಲಸದಿಂದ ತೆಗೀಬೇಕಾದ್ರೆ 14 ದಿನ ಮೊದಲೇ ನೋಟಿಸ್ ಕೊಡ್ಬೇಕಂತೆ. ಲಿಫ್ಟಿಂದ ಇಳಿಸೋಕೆ ಬೇಡ್ವಂತೆ.

ರಾಯರು: ನೋಡು, ನನ್ನ ಮಗ ಲಂಡನ್ನಲ್ಲಿ ಓದ್ತಾ ಮನೆಮನೆಗೆ ಪಿಜ್ಜಾ ಹಂಚ್ತಾನೆ. ದುಡಿಮೆಗೆ ಅಲ್ಲಿ ಏನು ಮರ್ಯಾದೆ ಅಂತೀಯಾ!

ಸಿದ್ಧ: ಅಲ್ಲಿ ಲಿಫ್ಟಿಗೆ ಬಿಡ್ತಾರಾ ಸಾರ್?

ರಾಯರು: ...ಇಳಿಯುವಾಗ್ಲೂ ಮೆಟ್ಟಿಲಲ್ಲೇ ಇಳಿ. ನಿಯಮ ಅಂದ್ರೆ ನಿಯಮ!