ವಾನಪ್ರಸ್ಥಕ್ಕೊಂದು ಸೈಕಲ್

ಐವತ್ತು ದಾಟಿದ ಮೇಲೆ ಮನುಷ್ಯ ಕಾಡಿನ ಕಡೆ ಮುಖ ಮಾಡಬೇಕೆಂದು ಹಿರಿಯರು ಹೇಳಿದ್ದಾರೆ. ಯಾತರ ಮೇಲೆ ಹೋಗಬೇಕೆಂದು ಮಾತ್ರ ಹೇಳಿಲ್ಲ. ಅವರ ಕಾಲಕ್ಕೆ ಹಿತ್ತಲ ಬೇಲಿ ದಾಟಿದರೆ ಕಾಡಿತ್ತು, ನಡೆದೇ ಹೋಗುತ್ತಿದ್ದರು. ನನ್ನ ಪಾಲಿಗೆ ಉಳಿದಿರುವ ಕಾಡು ಬೆಂಗಳೂರಿನ ದಕ್ಷಿಣ ತುದಿಯ ತುರಹಳ್ಳಿ. ಹೆಚ್ಚೆಂದರೆ ಆರುನೂರು ಎಕರೆ. ಒಂದಷ್ಟು ಬಂಡೆ, ಒಂದಷ್ಟು ನೀಲಗಿರಿ, ನಸೀಬಿದ್ದರೆ ನವಿಲು. ಸುತ್ತಲೂ ಆ ಕಾಡನ್ನೇ ಬಾಲ್ಕನಿಯಿಂದ ತೋರಿಸಿ ಮಾರಿದ ಫ್ಲ್ಯಾಟುಗಳು. 2021ರಲ್ಲಿ ಇಲ್ಲೊಂದು ಟ್ರೀ ಪಾರ್ಕ್ ಮಾಡುತ್ತೇವೆಂದು ಸರ್ಕಾರ ಹೊರಟಾಗ, ಕಾಡಿಗೆ ಮರ ಕಲಿಸುವುದು ಬೇಡ ಎಂದು ಜನ ಬೀದಿಗಿಳಿದರು. ಕಾಡು ಕಾಡಾಗಿಯೇ ಉಳಿಯಿತು. ಅದರಾಚೆ ಕನಕಪುರ ರಸ್ತೆಯ ಎಡಬಲಕ್ಕೆ ಕೆರೆ ಏರಿಗಳಿವೆ, ರಾಗಿ ಹೊಲಗಳ ನಡುವೆ ಗಾಡಿ ಜಾಡುಗಳಿವೆ. ನನ್ನಂಥವನ ವಾನಪ್ರಸ್ಥಕ್ಕೆ ಇಷ್ಟು ಧಾರಾಳ. ಡಾಕ್ಟರು ಸಕ್ಕರೆಯ ರಿಪೋರ್ಟು ನೋಡಿ, ಮಂಡಿ ಒತ್ತಿ ನೋಡಿ, "ಓಡೋದು ಬೇಡ, ಸೈಕಲ್ ಹೊಡೀರಿ" ಅಂದಿದ್ದರಿಂದ ವಾಹನವೂ ಗೊತ್ತಾಯಿತು.

ಸೈಕಲ್ ವಿಷಯದಲ್ಲಿ ನಾನೇನೂ ಅನಕ್ಷರಸ್ಥನಲ್ಲ. ನಮ್ಮಪ್ಪನ 24 ಇಂಚಿನ ಫ್ರೇಮಿನ ಅಟ್ಲಾಸಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವನು. ಅದು ಪಕ್ಕಾ ಗೃಹಸ್ಥ ಸೈಕಲ್ಲು. ಅದಕ್ಕೆ ಎರಡು ಕಾಲಿನ ಸ್ಟ್ಯಾಂಡು, ಕ್ಯಾರಿಯರ್ರು, ಡೈನಮೋ, ಚೈನ್ ಕವರು, ಬೆಲ್ಲು, ಹಿಂದಿನ ಮಡ್‌ಗಾರ್ಡಿಗೆ ಕೆಂಪು ಗಾಜು, ಸೀಟಿಗೆ ಕುಚ್ಚು ಬಿಟ್ಟ ಕವರು ಎಲ್ಲವೂ ಇತ್ತು. ಕ್ಯಾರಿಯರ್ ಮೇಲೆ ಹಿಟ್ಟಿನ ಡಬ್ಬ, ಸೀಮೆಎಣ್ಣೆ ಕ್ಯಾನು, ನನ್ನ ತಂಗಿ, ಒಮ್ಮೊಮ್ಮೆ ಮೂರೂ ಒಟ್ಟಿಗೆ ಸಂಚರಿಸಿದ್ದುಂಟು. ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಇಂಥದ್ದೇ ಇನ್ನಷ್ಟು ಸಿಗುತ್ತದೆ ಎಂಬುದು ನನ್ನ ಲೆಕ್ಕ. ದುಡ್ಡು ಹೆಚ್ಚಿದರೆ ಸಾಮಾನು ಹೆಚ್ಚಬೇಕು. ತರಕಾರಿಯಿಂದ ತಾಳಿಯವರೆಗೆ ಲೋಕ ನಡೆಯುವುದು ಹಾಗೆ.

ಮೌಂಟನ್ ಬೈಕಿನ ಅಂಗಡಿಯಲ್ಲಿ ಲೋಕ ತಲೆಕೆಳಗು. ಒಳಗೆ ಕಾಲಿಟ್ಟ ಕೂಡಲೇ ಗಡ್ಡದ ಹುಡುಗನೊಬ್ಬ ಬಂದು, "ಬಜೆಟ್ ಎಷ್ಟು ಅಂಕಲ್?" ಅಂದ. ಬಜೆಟ್ ಹೇಳುವ ಮೊದಲು ಏನೇನಿದೆ ತೋರಿಸಪ್ಪ ಎಂದೆ. ತೋರಿಸಿದ. ಹದಿನೈದು ಸಾವಿರದ ಆಸುಪಾಸಿನ ಸೈಕಲ್ಲಿಗೆ 21 ಗೇರು, ಮಡ್‌ಗಾರ್ಡು, ಒಂಟಿಕಾಲಿನ ಸ್ಟ್ಯಾಂಡು. ಮೂವತ್ತು ನಲವತ್ತು ಸಾವಿರದ್ದಕ್ಕೆ ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗೇರು ಒಂಬತ್ತೋ ಹತ್ತೋ. ಲಕ್ಷ ದಾಟಿದ್ದಕ್ಕೆ ಟಯರಿನೊಳಗೆ ಟ್ಯೂಬೂ ಇಲ್ಲ. ಕೊನೆಯಲ್ಲಿ ಗಾಜಿನ ಹಿಂದೆ ನಿಲ್ಲಿಸಿದ್ದ ಒಂದರ ಬೆಲೆಯನ್ನು ಅವನು ಪಿಸುದನಿಯಲ್ಲಿ ಹೇಳಿದ. ಬಗ್ಗಿ ನೋಡಿದರೆ ಅದಕ್ಕೆ ಪೆಡಲ್ಲೇ ಇರಲಿಲ್ಲ.

"ಇದರ ಪೆಡಲ್ಲು?"

"ಅದು ಬರಲ್ಲ ಅಂಕಲ್. ಇಷ್ಟು ದುಡ್ಡು ಕೊಡೋರು ಅವರಿಗೆ ಬೇಕಾದ್ದನ್ನ ಬೇರೆ ತಗೋತಾರೆ."

ಅವನು ಹೇಳಿದ್ದು ನಿಜವೇ. ದುಬಾರಿ ಸೈಕಲ್ ಕೊಳ್ಳುವವರಲ್ಲಿ ಕೆಲವರಿಗೆ ಬೂಟು ಕಚ್ಚಿಕೊಳ್ಳುವ ಪೆಡಲ್ ಬೇಕು, ಕೆಲವರಿಗೆ ಮುಳ್ಳುಮುಳ್ಳಿನ ಅಗಲ ಪೆಡಲ್ ಬೇಕು. ಅವರವರ ಕಾಲು, ಅವರವರ ಧರ್ಮ. ನನಗೆ ಮಾತ್ರ ಅಲ್ಲೇ ಜ್ಞಾನೋದಯವಾಯಿತು. ಇವರು ಮಾರುತ್ತಿರುವುದು ಸೈಕಲ್ಲನ್ನಲ್ಲ, ವೈರಾಗ್ಯವನ್ನು. ತ್ಯಾಗ ಹೆಚ್ಚಿದಷ್ಟೂ ಬೆಲೆ ಹೆಚ್ಚು.

ಈ ಪಂಥದ ಮೂಲಪುರುಷರು ಮಾಡಿದ್ದೂ ಅದನ್ನೇ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1970ರ ದಶಕದ ಒಂದಷ್ಟು ಹುಡುಗರು ಗುಜರಿಯಿಂದ ಹಳೇ ಶ್ವಿನ್ ಸೈಕಲ್ಲುಗಳನ್ನು ಎತ್ತಿಕೊಂಡು ಬಂದರು. ಅವರಪ್ಪಂದಿರ ಕಾಲದ, ದಪ್ಪ ಟಯರಿನ ಕಬ್ಬಿಣ. ಅದರ ಮಡ್‌ಗಾರ್ಡು, ಸ್ಟ್ಯಾಂಡುಗಳನ್ನೆಲ್ಲ ಕಿತ್ತೆಸೆದು ಗುಡ್ಡದಿಂದ ಕೆಳಗೆ ಬಿಟ್ಟರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಹತ್ತಿರದ ಒಂದು ಮಣ್ಣಿನ ಇಳಿಜಾರಿನಲ್ಲಿ ಪಂದ್ಯವನ್ನೇ ಶುರು ಮಾಡಿದರು. ಎರಡು ಮೈಲಿಯೊಳಗೆ 1,300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವರದು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ಬಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿರುತ್ತಿತ್ತು. ಬಿಚ್ಚಿ ಮತ್ತೆ ಗ್ರೀಸ್ ತುಂಬದಿದ್ದರೆ ಎರಡನೇ ಸಲ ಇಳಿಯುವಂತಿಲ್ಲ. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ 'ರೀಪ್ಯಾಕ್' ಎಂದು ಹೆಸರು ಬಿತ್ತು. ಗ್ಯಾರಿ ಫಿಷರ್ ಎಂಬಾತ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ. ಜೋ ಬ್ರೀಜ್ ಎಂಬಾತ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮು ಬೆಸೆದ. ಗುಜರಿಗೆ ಬೆಲೆ ಬಂದದ್ದು ಆಗಿನಿಂದ. 1996ರ ಅಟ್ಲಾಂಟಾದಲ್ಲಿ ಇದು ಒಲಿಂಪಿಕ್ಸಿಗೂ ಹೋಯಿತು.

ಅಷ್ಟರಲ್ಲಿ ಅಂಗಡಿಯ ಹುಡುಗ ನನ್ನನ್ನು ಚಕ್ರದ ಮುಂದೆ ನಿಲ್ಲಿಸಿದ್ದ. ಮೊದಲೆಲ್ಲ 26 ಇಂಚು ಬರುತ್ತಿತ್ತಂತೆ, ಈಗ 27.5 ಮತ್ತು 29. "ಇಪ್ಪತ್ತೊಂಬತ್ತು ಈಗಿನ ಟೆಕ್ನಾಲಜಿ ಅಂಕಲ್. ಕಲ್ಲು ಗುಂಡಿ ಏನಿದ್ರೂ ಹತ್ತಿಕೊಂಡು ಹೋಗ್ತದೆ." ದೊಡ್ಡ ಚಕ್ರ ಕಲ್ಲಿಗೆ ಕಮ್ಮಿ ಅಂಜುತ್ತದೆ ಎಂಬುದು ಸತ್ಯ. ಆದರೆ ಈಗಿನ ಟೆಕ್ನಾಲಜಿ ಎಂದದ್ದು ಮಾತ್ರ ನನ್ನ ಪಿತೃಭಕ್ತಿಗೆ ತಾಗಿತು. ನಮ್ಮಪ್ಪನ ಸೈಕಲ್ಲಿನ 28 ಇಂಟು ಒಂದೂವರೆ ಇಂಚಿನ ಟಯರು ಕೂರುತ್ತಿದ್ದುದು 635 ಮಿಲಿಮೀಟರಿನ ರಿಮ್ಮಿನ ಮೇಲೆ. ಈ 29ರದ್ದು 622. ದಪ್ಪ ಟಯರು ಉಡಿಸಿ 29 ಮಾಡಿದ್ದಾರೆ ಅಷ್ಟೆ. ರಿಮ್ಮಿನಲ್ಲಿ ಅಪ್ಪನೇ ದೊಡ್ಡವನು. ಇದನ್ನು ಹುಡುಗನಿಗೆ ವಿವರಿಸಿದೆ. ಅವನು "ಸೂಪರ್ ಅಂಕಲ್" ಎಂದು ಮುಂದಿನ ಸೈಕಲ್ಲಿಗೆ ಹೋದ.

ಅಪ್ಪನ ಕಾಲದ ಒಂದು ಪದ್ಧತಿಯನ್ನು ಮಾತ್ರ ಬಿಡಲೇಬೇಕು. ಆಗ ಸೈಕಲ್ಲಿನ ಅಳತೆಗೆ ಮನುಷ್ಯ ಹೊಂದಿಕೊಳ್ಳುತ್ತಿದ್ದ. ಬೆಳೆಯೋ ಹುಡುಗ ಎಂದು ದೊಡ್ಡದನ್ನೇ ಕೊಡಿಸುತ್ತಿದ್ದರು. ನನ್ನ ವಯಸ್ಸಿನಲ್ಲಿ ಬೆಳೆಯುವುದು ಅಡ್ಡಕ್ಕೆ ಮಾತ್ರ. ಬಾರಿನ ಎರಡೂ ಕಡೆ ಕಾಲಿಟ್ಟು, ಪಾದ ಪೂರ್ತಿ ನೆಲಕ್ಕೂರಿ ನಿಂತಾಗ ಬಾರಿಗೂ ನಮಗೂ ನಡುವೆ ಎರಡು ಮೂರು ಇಂಚಾದರೂ ಗಾಳಿಯಾಡಬೇಕು. ಟಾರು ರಸ್ತೆಯಲ್ಲಿ ಇದರ ಮಹತ್ವ ತಿಳಿಯುವುದಿಲ್ಲ. ಕಲ್ಲಿನ ದಾರಿಯಲ್ಲಿ ಸೀಟಿನಿಂದ ತಟ್ಟನೆ ಮುಂದಕ್ಕೆ ಜಾರಿದಾಗ ತಿಳಿಯುತ್ತದೆ. ಏನು ತಿಳಿಯುತ್ತದೆ ಎಂದು ಸಭ್ಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬಣ್ಣ, ಗೇರು, ಕಂಪನಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಈ ಗಾಳಿಯನ್ನು.

ನನ್ನ ಅಕ್ಕನ ಮಗ ಈ ಪಂಥದ ದೀಕ್ಷೆ ಪಡೆದವನು. ಸಾಫ್ಟ್‌ವೇರಿನವನು. ಅವನದು ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಲಕ್ಷಗಟ್ಟಲೆಯ ಸೈಕಲ್ಲು. ಬಾಡಿಗೆ ಮನೆಯ ಹಾಲಿನ ಗೋಡೆಗೆ ನೇತುಹಾಕಿದ್ದಾನೆ. ಗೀರು ಬಿದ್ದೀತೆಂದು ಬೀದಿಗೆ ಇಳಿಸುವುದಿಲ್ಲ. ಕಾಡಿನ ಬಾಗಿಲವರೆಗೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತಾನೆ. "ಮಾಮ, ನೀವು ಮೂವತ್ತು ಸಾವಿರದ ಡಬಲ್ ಶಾಕ್ ಮಾತ್ರ ತಗೋಬೇಡಿ" ಎಂದು ಕೈಮುಗಿದು ಕೇಳಿಕೊಂಡ. ಆ ಬೆಲೆಗೆ ಬರುವ ಹಿಂದಿನ ಶಾಕು ಬರೀ ಸ್ಪ್ರಿಂಗು, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಏರಿನಲ್ಲಿ ಸ್ಪ್ರಿಂಗ್ ಮಂಚದ ಮೇಲೆ ಕೂತು ಪೆಡಲ್ ಮಾಡಿದ ಹಾಗೆ. ಜೊತೆಗೆ ಭಾರ, ಜೊತೆಗೆ ಸವೆಯುವ ಬುಶ್ಶುಗಳು. ಆ ದುಡ್ಡಿನಲ್ಲಿ ಹಿಂದೆ ಗಟ್ಟಿ, ಮುಂದೆ ಮಾತ್ರ 100 ಮಿಲಿಮೀಟರ್ ಇಳಿಯುವ ಶಾಕು ಇರುವುದನ್ನು ಕೊಂಡರೆ ಉಳಿದ ದುಡ್ಡು ಬ್ರೇಕಿಗೆ, ಟಯರಿಗೆ ಹೋಗುತ್ತದೆ. ಇದಕ್ಕೆ ಅವರ ಭಾಷೆಯಲ್ಲಿ ಹಾರ್ಡ್‌ಟೇಲ್ ಎನ್ನುತ್ತಾರೆ. ಅಕ್ಕನ ಮಗ ಹೇಳಿದ್ದು ಒಪ್ಪುವಂಥದ್ದು. ಹಿಂದಿನ ಚಕ್ರಕ್ಕೆ ಶಾಕು ನಮ್ಮ ಮಂಡಿಗಳೇ. ಉಬ್ಬು ಬಂದಾಗ ಸೀಟಿನಿಂದ ಎದ್ದು ನಿಂತರೆ ಅದರ ಕೆಲಸ ಆಗುತ್ತದೆ. ಮಂಡಿ ನೋವಿಗೆಂದು ಸೈಕಲ್ ಹತ್ತಿದವನಿಗೆ ಇದು ಎಷ್ಟು ಸಮಾಧಾನದ ಮಾತೋ ನೋಡಿ.

ಗೇರಿನ ಲೆಕ್ಕವನ್ನೂ ಅವನೇ ಬಿಡಿಸಿದ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ 21 ಎಂಬುದು ಜಾಹೀರಾತಿನ ಮಗ್ಗಿ. ಅದರಲ್ಲಿ ಎಷ್ಟೋ ಒಂದರಂತೆ ಇನ್ನೊಂದು. ಕೆಲವು ಚೈನನ್ನು ಓರೆಯಾಗಿ ಎಳೆದು ಕೊಲ್ಲುವಂಥವು. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ ದೊಡ್ಡದು 46 ಹಲ್ಲಿನದು ಎಂದಿಟ್ಟುಕೊಳ್ಳಿ. ಆಗ ಪೆಡಲ್ ಒಂದು ಸುತ್ತು ತಿರುಗಿದರೂ ಸೈಕಲ್ಲಿನ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಏರು ಹಗುರ. ಹಿಂದಿನಿಂದ ನಡೆದು ಬರುವ ಕುರಿಗಾಹಿ ನಮ್ಮನ್ನು ದಾಟಿ ಹೋಗುತ್ತಾನೆ, ಅದು ಬೇರೆ ಮಾತು. ಬ್ರೇಕಿಗೆ ಚೌಕಾಸಿ ಬೇಡ. ರಿಮ್ಮಿಗೆ ಒತ್ತುವ ಬ್ರೇಕು ಕೆಸರಿನಲ್ಲಿ ಕೈಕೊಡುತ್ತದೆ, ಡಿಸ್ಕ್ ಹಿಡಿಯುತ್ತದೆ. ಎಣ್ಣೆಯ ಡಿಸ್ಕಾದರೆ ಒಂದೇ ಬೆರಳು ಸಾಕು.

ಇಷ್ಟೆಲ್ಲ ಮಾತಾಡುವವರು ನಮ್ಮ ದಾರಿಯ ನಿಜವಾದ ಶತ್ರುವಿನ ಹೆಸರೆತ್ತುವುದಿಲ್ಲ. ಬಂಡೆಯಲ್ಲ, ಚಿರತೆಯಲ್ಲ, ನೆಗ್ಗಿಲು. ಆಯುರ್ವೇದದವರು ಗೋಕ್ಷುರ ಎಂದು ಗೌರವದಿಂದ ಕರೆದು ಮೂತ್ರದ ತೊಂದರೆಗೆ ಕೊಡುವ ಅದೇ ಕಾಯಿ. ನೆಲಕ್ಕೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಅದನ್ನು ದಾಟಿದರೆ ಜಾಲಿ. ಟಯರಿನೊಳಗೆ ಟ್ಯೂಬು ಬಿಟ್ಟು ಹಾಲಿನಂಥ ದ್ರವ ಸುರಿಯುವ ವೈರಾಗ್ಯದ ಅರ್ಥ ಆಗ ಹೊಳೆಯುತ್ತದೆ. ಮುಳ್ಳು ಚುಚ್ಚಿದಲ್ಲಿ ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ, ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಸುರಿಯುತ್ತಿರಬೇಕು. ಟ್ಯೂಬಿನ ಸೈಕಲ್ಲಾದರೆ ಪಂಕ್ಚರ್ ಅಂಗಡಿಯೇ ಗತಿ. ಅಲ್ಲಿ ಇನ್ನೊಂದು ಗಂಡಾಂತರ. ಮಣ್ಣಿನ ದಾರಿಗೆ ಟಯರು ಸ್ವಲ್ಪ ಮೆತ್ತಗಿರಬೇಕು, 30 ಪೌಂಡಿನ ಆಸುಪಾಸು ಸಾಕು. ಆಗಲೇ ಅದು ನೆಲವನ್ನು ತಬ್ಬುವುದು. ನಮ್ಮ ಬೀದಿಯ ಪಂಕ್ಚರ್ ಯಜಮಾನರಿಗೆ ಮೆತ್ತಗಿನ ಟಯರು ಬಿಟ್ಟು ಕಳಿಸುವುದು ಕುಲಕ್ಕೇ ಅವಮಾನ. ಹೆಬ್ಬೆರಳಿನಲ್ಲಿ ಒತ್ತಿ, ಬೆರಳು ನೋಯುವವರೆಗೆ ಗಾಳಿ ಹೊಡೆದು, "ಕಲ್ಲಿದ್ದಂಗೆ ಇದೆ ಸಾ, ಹೋಗಿ" ಎನ್ನುತ್ತಾರೆ. ಬೀದಿ ತಿರುಗಿದ ಮೇಲೆ ಅರ್ಧ ಗಾಳಿ ಬಿಡುವುದು ಸೌಜನ್ಯ. ಅವರ ಎದುರಿಗೆ ಬಿಡಬಾರದು.

ಇವನ್ನೆಲ್ಲ ಕೂಡಿ ಕಳೆದ ಮೇಲೆ ಕಣದಲ್ಲಿ ಎರಡು ಸೈಕಲ್ ಉಳಿದವು. ಎರಡೂ ಹಾರ್ಡ್‌ಟೇಲ್, ಎರಡಕ್ಕೂ ಡಿಸ್ಕ್, ಬಾರಿನ ಮೇಲೆ ಎರಡರಲ್ಲೂ ಗಾಳಿ. ಒಂದರ ಬೆಲೆ ಹತ್ತು ಸಾವಿರ ಹೆಚ್ಚು, ತೂಕ ಒಂದು ಕಿಲೋ ಕಡಿಮೆ. ನಾನೇ ಇಳಿಸಬೇಕಾದ ಕಿಲೋಗಳ ಪಟ್ಟಿ ಡಾಕ್ಟರ ಹತ್ತಿರ ಇರುವಾಗ ಈ ಒಂದು ಕಿಲೋಗೆ ಹತ್ತು ಸಾವಿರ ಸುರಿಯಬೇಕೆ ಎಂದು ಧ್ಯಾನಿಸುತ್ತಾ ಕೊನೆಯ ತೀರ್ಮಾನಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಹ್ಯಾಂಡಲ್ ನೋಡಲಿಲ್ಲ, ಗೇರು ನೋಡಲಿಲ್ಲ, ಹಿಂದಕ್ಕೆ ಹೋಗಿ ನಿಂತಳು.

"ಇದಕ್ಕೆ ಕ್ಯಾರಿಯರ್ ಎಲ್ಲಿ?"

"ಬರಲ್ಲ ಮೇಡಂ. ಇದು ಟ್ರೇಲ್ ಬೈಕ್."

"ಸ್ಟ್ಯಾಂಡು?"

"ಅದೂ ಇಲ್ಲ. ಗೋಡೆಗೆ ಒರಗಿಸ್ಬೇಕು."

"ಕಾಡಲ್ಲಿ ಗೋಡೆ ಯಾರು ಕಟ್ಟಿರ್ತಾರಪ್ಪ?"

ಹುಡುಗ ಮೊದಲ ಬಾರಿಗೆ ತಡವರಿಸಿದ. ದುಬಾರಿಯದಕ್ಕೆ ಕ್ಯಾರಿಯರ್ ಕೂರಿಸುವ ಸ್ಕ್ರೂ ತೂತುಗಳೇ ಇಲ್ಲವೆಂದೂ, ಅಗ್ಗದ್ದಕ್ಕೆ ಹಿಂದಿನ ಫ್ರೇಮಿನಲ್ಲಿ ಇವೆಯೆಂದೂ ಹೇಳಿದ. ನಾನು ವಾರಗಟ್ಟಲೆ ತೂಗಿ ಅಳೆದದ್ದು ಎರಡು ತೂತಿನಲ್ಲಿ ಇತ್ಯರ್ಥವಾಯಿತು. ಆದರೂ ಮಾನ ಉಳಿಸಿಕೊಳ್ಳಲು, ಇದು ತರಕಾರಿ ತರುವ ಸೈಕಲ್ಲಲ್ಲ, ಐವತ್ತಾದ ಮೇಲಿನ ವಾನಪ್ರಸ್ಥಕ್ಕೆಂದು ಕೊಳ್ಳುತ್ತಿರುವುದು ಎಂದೆ.

"ಗೊತ್ತು ರೀ. ವಾನಪ್ರಸ್ಥಕ್ಕೆ ಹೆಂಡ್ತೀನೂ ಕರ್ಕೊಂಡು ಹೋಗಬಹುದು ಅಂತ ನಮ್ಮ ತಾತ ಹೇಳ್ತಿದ್ರು. ಕ್ಯಾರಿಯರ್ ಇಲ್ದೆ ನಾನೆಲ್ಲಿ ಕೂತ್ಕೊಳ್ಳಲಿ?"

ಹುಡುಗ ಒಳಗಿನಿಂದ ಒಂದು ಕ್ಯಾರಿಯರ್ ತಂದು, ಅದರ ಮೇಲೆ ಕೊರೆದಿದ್ದ ಅಂಕಿಯನ್ನು ಬೆರಳಿಟ್ಟು ತೋರಿಸಿದ. "ಇಪ್ಪತ್ತೈದು ಕೆ.ಜಿ. ಲಿಮಿಟ್ ಮೇಡಂ."

ಅವಳು ಆ ಅಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಪಕ್ಕದಲ್ಲಿದ್ದ ಸಣ್ಣ ಸೈಜಿನ ಹಸಿರು ಸೈಕಲ್ಲಿನ ಬಾರಿನ ಎರಡೂ ಕಡೆ ಕಾಲಿಟ್ಟು ನಿಂತು ಗಾಳಿ ಅಳೆದಳು.

"ಎರಡು ತಗೊಂಡ್ರೆ ಎಷ್ಟು ಬಿಡ್ತೀಯಪ್ಪ?"