ದಾಂಪತ್ಯ ಪ್ರಮಾಣ ಮೀಮಾಂಸೆ

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನು ವ್ಯಾಜ್ಯ ತೀರ್ಮಾನಕ್ಕೆ ಬೇಕಾದ ಮಾನುಷ ಪ್ರಮಾಣಗಳು ಮೂರೆಂದು ವಿವರಿಸಿದ್ದಾನೆ: ಲಿಖಿತ, ಭುಕ್ತಿ, ಸಾಕ್ಷಿ. ಕಾಗದವಿರಬೇಕು, ಇಲ್ಲವೇ ವಸ್ತು ಅನುಭೋಗದಲ್ಲಿರಬೇಕು, ಅದೂ ಇಲ್ಲದಿದ್ದರೆ ಕಂಡವರು ಬಂದು ಹೇಳಬೇಕು. ಸುಮಾರು ಒಂಬೈನೂರು ವರ್ಷ ಈ ವರ್ಗೀಕರಣಕ್ಕೆ ಧಕ್ಕೆ ಬಂದಿರಲಿಲ್ಲ. 2012ರ ಜುಲೈ 9ರಂದು ಬ್ರಿಟನ್ನಿನ ಗೃಹ ಇಲಾಖೆ, ದಾಂಪತ್ಯದ ವಿಷಯಕ್ಕೆ ಮಾತ್ರ, ನಾಲ್ಕನೆಯದೊಂದನ್ನು ಸೇರಿಸಿತು. ಅದರ ಹೆಸರು ಪಗಾರ.

ಬ್ರಿಟನ್ನಿನ ಪ್ರಜೆಯೋ ಕಾಯಂ ನಿವಾಸಿಯೋ ಆದವರು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಅಲ್ಲಿ ನೆಲೆಸಲು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಗಳಿಕೆ ತೋರಿಸಬೇಕೆಂದು ಅಂದು ಗೊತ್ತಾಯಿತು. 2024ರ ಏಪ್ರಿಲ್ 11ರಿಂದ ಅದು 29,000ಕ್ಕೆ ಏರಿತು. ಪೌಂಡಿಗೆ ಬರೀ ನೂರು ರೂಪಾಯಿ ಎಂದು ಹಗುರಾಗಿ ಹಿಡಿದರೂ 29 ಲಕ್ಷ. ಈ ಪ್ರಮಾಣವನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಬ್ಯಾಡಗಿಯನ್ನು ಕೈಬಿಟ್ಟ ಕಾರಣ ಶಾಸ್ತ್ರೀಯವಲ್ಲ. ಅಲ್ಲಿನ ಮೆಣಸಿನಕಾಯಿ ಪ್ಯಾಟಿಯಲ್ಲಿ ಕೂತು ಯಾರೂ ಮೀಮಾಂಸೆ ಬರೆಯಲಾರರು, ಸೀನು ಬಿಡುವುದಿಲ್ಲ.

ಪರಿಭಾಷೆಯ ಒಂದು ಮಾತು ಮೊದಲೇ ಆಗಿಬಿಡಲಿ. ಕೆಲಸದ ವೀಸಾದ ಮೇಲೆ ಲಂಡನ್ನಿಗೆ ಹೋದ ಸಾಫ್ಟ್‌ವೇರ್ ಅಳಿಯ ಹೆಂಡತಿಯನ್ನು ಅವಲಂಬಿತೆಯೆಂದು ಕರೆದೊಯ್ಯುತ್ತಾನೆ. ಅದರ ನಿಯಮ ಬೇರೆ, ಪಾಪವೂ ಬೇರೆ. ಅದೇ ಅಳಿಯ ಕಾಯಂ ನಿವಾಸಿಯಾದ ಮೇಲೆ ಊರಿಗೆ ಬಂದು ತಾಳಿ ಕಟ್ಟಿದರೆ ಆಗ ಈ ಶಾಸ್ತ್ರ ಅನ್ವಯಿಸುತ್ತದೆ.

ಶಾಸ್ತ್ರಕ್ಕೆ ಉದಾಹರಣೆ ಬೇಕು. ಹಾನಗಲ್ಲೇ ಮಹಾಭಾರತದ ವಿರಾಟನಗರ ಎಂಬ ಐತಿಹ್ಯವನ್ನು ವಿದ್ವಾಂಸರು ಒಪ್ಪಲಿ ಬಿಡಲಿ, ಊರವರು ಯಾವಾಗಲೋ ಒಪ್ಪಿಯಾಗಿದೆ. ಹಾಗಾದರೆ ಈ ತಾಲ್ಲೂಕಿನಿಂದ ಹೊರನಾಡಿನ ವರನಿಗೆ ಹೆಣ್ಣು ಕೊಟ್ಟ ಮೊದಲ ಪ್ರಕರಣ ಉತ್ತರೆ ಮತ್ತು ಅಭಿಮನ್ಯುವಿನದು. ಅದನ್ನು ಈಗಿನ ನಿಯಮದಡಿ ಪರೀಕ್ಷಿಸೋಣ. ಕರೆಸಿಕೊಳ್ಳುವ ವರ ಅಭಿಮನ್ಯು. ಉದ್ಯೋಗವಿಲ್ಲ, ಸೋದರಮಾವನ ಮನೆಯಲ್ಲಿ ವಾಸ. ನಿಯಮ ಕೇಳುವುದು ಒಂದೇ ಕಡೆ ಆರು ತಿಂಗಳು ದುಡಿದ ಸಂಬಳದ ಚೀಟಿಗಳು, ಆ ಸಂಬಳ ಜಮಾ ಆದದ್ದಕ್ಕೆ ಬ್ಯಾಂಕಿನ ವಿವರ, ಕೆಲಸ ಕೊಟ್ಟವರ ಪತ್ರ. ಆರು ತಿಂಗಳಲ್ಲಿ ಪಗಾರ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಇದ್ದರೆ ಲೆಕ್ಕಕ್ಕೆ ಬರುವುದು ಕಡಿಮೆಯದೇ.

ವರನ ತಂದೆಗೆ ಉದ್ಯೋಗವಿತ್ತಲ್ಲ ಎಂದು ಪೂರ್ವಪಕ್ಷ. ಇತ್ತು, ವಿರಾಟನ ಅರಮನೆಯಲ್ಲೇ, ಹೆಚ್ಚುಕಡಿಮೆ ಒಂದು ವರ್ಷ, ನೃತ್ಯ ಶಿಕ್ಷಕನಾಗಿ. ಆದರೆ ಸೇವಾ ದಾಖಲೆಯಲ್ಲಿ ಹೆಸರು ಬೃಹನ್ನಳೆ. ಅರ್ಜುನ ಮತ್ತು ಬೃಹನ್ನಳೆ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬಹುದಿತ್ತು, ಮಾಡಿಸಿದ್ದರೂ ಉಪಯೋಗವಿಲ್ಲ. ತಂದೆತಾಯಿ ‘ನಾವು ಸಾಕುತ್ತೇವೆ’ ಎಂದು ಕೊಡುವ ಮಾತು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಇನ್ನು ವಿರಾಟ ಅಳಿಯನಿಗೆ ಕೊಟ್ಟದ್ದು: ಏಳು ಸಾವಿರ ಕುದುರೆ, ಇನ್ನೂರು ಆನೆ. ನಿಯಮ ನಗದು ಉಳಿತಾಯವನ್ನು ಮಾತ್ರ ಒಪ್ಪುತ್ತದೆ, ಆನೆ ನಗದಲ್ಲ. ಅವನ್ನು ಮಾರಿ ಬಂದ ಹಣವನ್ನು ಖಾತೆಗೆ ಹಾಕಿದರೂ ಅದು ಆರು ತಿಂಗಳು ಅಲ್ಲೇ ಕೂತಿರಬೇಕು, ಅಷ್ಟರಲ್ಲಿ ಕುರುಕ್ಷೇತ್ರ. ಅರ್ಜಿ ತಿರಸ್ಕೃತ. ಇದರ ಪರಿಣಾಮ ಸಣ್ಣದಲ್ಲ. ಪರೀಕ್ಷಿತ ಹುಟ್ಟುವುದಿಲ್ಲ, ಅವನ ಮಗ ಜನಮೇಜಯನೂ ಇಲ್ಲ. ಜನಮೇಜಯನಿಲ್ಲದೆ ವೈಶಂಪಾಯನ ಭಾರತ ಹೇಳುವುದು ಯಾರಿಗೆ?

ಪಗಾರ ಸಾಲದವರಿಗೆ ಉಳಿತಾಯದ ದಾರಿಯೊಂದಿದೆ. ಅದರ ಸೂತ್ರವನ್ನು ಯಾವ ಗಣಿತಜ್ಞನೂ ತಲೆಬಾಗಿ ಓದಬೇಕು: ಮೊದಲು 16,000 ಪೌಂಡ್ ಪಕ್ಕಕ್ಕಿಡು, ಅದಕ್ಕೆ ಕೊರತೆಯ ಎರಡೂವರೆ ಪಟ್ಟು ಸೇರಿಸು. ಗಳಿಕೆಯೇ ಇಲ್ಲದವನಿಗೆ ಇದು 88,500 ಪೌಂಡಿಗೆ ಮುಟ್ಟುತ್ತದೆ. ಸೂತ್ರದ ನಿಜವಾದ ಸೌಂದರ್ಯ ಕಾಣುವುದು ಕೊರತೆ ಚಿಕ್ಕದಾದಾಗ. ನಿಯಮ ಜಾರಿಗೆ ಬಂದ 2024ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯ ನರ್ಸು ಮೊದಲ ಮೆಟ್ಟಿಲಲ್ಲಿ ಪಡೆಯುತ್ತಿದ್ದ ಮೂಲ ವೇತನ 28,407 ಪೌಂಡ್. ಕೊರತೆ 593. ಈ 593 ಪೌಂಡ್ ತುಂಬಲು ಆಕೆ ಬ್ಯಾಂಕಿನಲ್ಲಿ ತೋರಿಸಬೇಕಾದದ್ದು 17,482 ಪೌಂಡ್ 50 ಪೆನ್ಸ್. ಮುಂದೆ ವೇತನ ಪರಿಷ್ಕರಣೆಯಾಗಿ ಅದು 29,970ಕ್ಕೆ ಏರಿ ಗಂಡಂದಿರು ಬಚಾವಾದರು. ದೇಶದ ರೋಗಿಗಳನ್ನು ಒಪ್ಪಿಸಬಹುದಾದಷ್ಟು ನಂಬಿಗಸ್ತಳನ್ನು, ಒಬ್ಬ ಗಂಡನನ್ನು ಒಪ್ಪಿಸುವ ವಿಷಯದಲ್ಲಿ ಮಾತ್ರ ನಂಬದೆ ಇರುವುದಕ್ಕೆ ಆಳವಾದ ತಾತ್ವಿಕ ಕಾರಣ ಇದ್ದೇ ಇರಬೇಕು. ಅಲ್ಲಿನ ಸುಪ್ರೀಂ ಕೋರ್ಟು 2017ರ ಫೆಬ್ರುವರಿಯಲ್ಲಿ ಈ ಬಗೆಯ ಮಿತಿಯಿಂದ ಎಷ್ಟೋ ಕುಟುಂಬಗಳಿಗೆ ಕಷ್ಟವಾಗುತ್ತದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡು, ತತ್ತ್ವತಃ ಮಿತಿ ಕಾನೂನುಬದ್ಧ ಎಂದಿತು.

ಇನ್ನು ನಮ್ಮ ಸೀಮೆಯ ಕಡೆಯಿಂದ ಬರುವ ಸಿದ್ಧಾಂತ. ಇಲ್ಲಿ ಆದಾಯ ಎನ್ನುವುದು ತಗ್ಗಿಸಬೇಕಾದ ವಸ್ತು. ಪಡಿತರದ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು. ಮಗಳ ವಿದ್ಯಾರ್ಥಿವೇತನಕ್ಕೂ, ಹಾಸ್ಟೆಲ್ ಸೀಟಿಗೂ ನಾಡಕಚೇರಿಯ ಆದಾಯ ಪ್ರಮಾಣಪತ್ರ ಎಷ್ಟು ಸಣ್ಣದಿದ್ದರೆ ಅಷ್ಟು ಚಂದ. ನಾಲ್ಕೂ ತಾಲ್ಲೂಕುಗಳಲ್ಲಿ ತಲೆಮಾರುಗಳಿಂದ ಜನ ಬೆಳೆಸಿಕೊಂಡ ಕಲೆಯೆಂದರೆ, ಮಳೆ ಬಂದ ವರ್ಷವೂ ಕಾಗದದ ಮೇಲೆ ಬರ ತೋರಿಸುವುದು. ಅದೇ ಮಗಳಿಗೆ ಮ್ಯಾಂಚೆಸ್ಟರಿನ ಗಂಡು ಗೊತ್ತಾದ ದಿನ ಮನೆಯ ಇಡೀ ವಿದ್ಯೆ ವ್ಯರ್ಥ. ಇಂಥಲ್ಲಿ ಇನ್ನೂ ಒಂದು ಪೆಟ್ಟು ಕಾದಿರುತ್ತದೆ: ಹುಡುಗಿ ಹಾವೇರಿಯ ಬ್ಯಾಂಕಿನಲ್ಲೋ ಹೈಸ್ಕೂಲಿನಲ್ಲೋ ದುಡಿಯುತ್ತಿದ್ದರೂ ಆಕೆಯ ಇಲ್ಲಿನ ಪಗಾರ ಲೆಕ್ಕಕ್ಕೆ ಬರುವುದಿಲ್ಲ. ಬರುವುದು ಅಲ್ಲಿರುವವನದು ಮಾತ್ರ.

ಹಿರೇಕೆರೂರು ಕಡೆಯ ವಾದ ಬೇರೆ. ಅದು ಹೊಲದಿಂದ ಹೊರಡುತ್ತದೆ. ಹುಡುಗಿ ಬ್ರಿಟನ್ನಿನಲ್ಲಿದ್ದಾಳೆ, ಹುಡುಗ ಇಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಹುಡುಗನ ಕಾಕಾ ಉತಾರದ ಕಟ್ಟು ತಂದು ವೀಸಾ ಏಜೆಂಟರ ಟೇಬಲ್ಲಿನ ಮೇಲೆ ಇಡುತ್ತಾರೆ.

“ಹದಿನಾಲ್ಕು ಎಕರೆ ಐತ್ರೀ. ನೀರಾವರಿ. ಗೋವಿನಜೋಳ, ಹತ್ತಿ. ಇದರ ಮುಂದ ಅವರ ಇಪ್ಪತ್ತೊಂಬತ್ತು ಸಾವಿರ ಎಲ್ಲಿದು?”

“ಹೊಲ ನಡಿಯೂದಿಲ್ಲ ಕಾಕಾರ. ರೊಕ್ಕ ಬೇಕು. ಅದೂ ಆರು ತಿಂಗಳು ಖಾತೆದಾಗ ಅಳ್ಳಾಡದಂಗ ಕುಂತಿರಬೇಕು.”

“ಆರು ತಿಂಗಳು ರೊಕ್ಕ ಸುಮ್ನ ಕುಂತರ ಬಿತ್ತನೀ ಹ್ಯಾಂಗ ಮಾಡೂದು?”

ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಹುಡುಗನ ಹೆಸರಿನಲ್ಲೇ ಇದ್ದ ಆಸ್ತಿಯನ್ನು ಮಾರಿ ಬಂದ ಹಣವಾದರೆ ಒಪ್ಪುವ ಉಪನಿಯಮವೊಂದಿದೆ. ಆದರೆ ಉತಾರದಲ್ಲಿ ಅಜ್ಜನ ಹೆಸರು ಇನ್ನೂ ಕೆಳಗಿಳಿದಿಲ್ಲ, ಕಾಕಾನ ಹಿಸ್ಸಾ ಬೇರೆಯಾಗಿಲ್ಲ, ಅತ್ತೆ ಸಹಿ ಹಾಕುವುದಿಲ್ಲ. ಅಮೆರಿಕ ಈ ವಿಷಯದಲ್ಲಿ ಹೆಚ್ಚು ಉದಾರಿ. ಅಲ್ಲಿ ಕರೆಸಿಕೊಳ್ಳುವವರ ಗಳಿಕೆ ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ಶೇ. 125 ಇದ್ದರೆ ಸಾಕು, ಇಬ್ಬರ ಸಂಸಾರಕ್ಕೆ 2025ರಲ್ಲಿ 26,437 ಡಾಲರ್. ಕಡಿಮೆ ಬಿದ್ದರೆ ಆಸ್ತಿಯನ್ನೂ ತೋರಿಸಬಹುದು, ಅದು ಒಂದು ವರ್ಷದೊಳಗೆ ನಗದಾಗುವಂತಿರಬೇಕು ಅಷ್ಟೇ. ಹಿರೇಕೆರೂರು ತಾಲ್ಲೂಕಿನಲ್ಲಿ ಅಣ್ಣತಮ್ಮಂದಿರ ಪಾಲು ಒಂದು ವರ್ಷದೊಳಗೆ ಇತ್ಯರ್ಥವಾಗುತ್ತದೆ ಎಂದು ನಂಬಿರುವ ಏಕೈಕ ಕಚೇರಿ ವಾಷಿಂಗ್ಟನ್ನಿನಲ್ಲಿದೆ. ಕೆನಡಾ ಗಂಡಹೆಂಡಿರ ವಿಷಯದಲ್ಲಿ ಸಾಮಾನ್ಯವಾಗಿ ಆದಾಯದ ಮಿತಿಯನ್ನೇ ಕೇಳುವುದಿಲ್ಲ. ಆದ್ದರಿಂದ ಈ ಪ್ರಬಂಧಕ್ಕೆ ಆ ದೇಶದಿಂದ ಪ್ರಯೋಜನವಿಲ್ಲ.

ಲಿಖಿತ ಪ್ರಮಾಣಕ್ಕೆ ಬಂದರೆ ಶಿಗ್ಗಾಂವ ತಾಲ್ಲೂಕು ಅಧ್ಯಯನಕ್ಕೆ ಬಹಳ ಫಲವತ್ತಾದ ನೆಲ. ಊರಿನ ಬೋರ್ಡಿನಲ್ಲೇ ಒಮ್ಮೆ ಶಿಗ್ಗಾಂವ, ಒಮ್ಮೆ ಶಿಗ್ಗಾವಿ. ಇಂಗ್ಲಿಷ್ ಅಕ್ಷರಕ್ಕಿಳಿದರೆ ಇನ್ನೂ ನಾಲ್ಕು ರೂಪ. ಆಧಾರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತೊಂದು. ಹೆಸರಿನ ಮುಂದಿನ ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ಬಿಚ್ಚಿಕೊಂಡು ಅಪ್ಪನ ಪೂರ್ತಿ ಹೆಸರಾಗುತ್ತದೆ, ಅಡ್ಡಹೆಸರು ಜಾಗ ಬದಲಿಸಿ ಮುಂದೆ ಬಂದು ಕೂರುತ್ತದೆ. ಜನ್ಮದಿನಾಂಕದ ಮಾತು ಬೇಡವೇ ಬೇಡ. ಹಳೆಯ ಹೆಡ್‌ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದುಕೊಂಡ ಜೂನ್ 1 ಎಂಬ ದಿನ ಒಂದಿಡೀ ಪೀಳಿಗೆಯ ಹುಟ್ಟುಹಬ್ಬವಾಗಿದೆ. ಕನಕದಾಸರು ಹುಟ್ಟಿದ ಬಾಡ, ಶರೀಫರ ಶಿಶುನಾಳ ಎರಡೂ ಇದೇ ತಾಲ್ಲೂಕಿನಲ್ಲಿವೆ. ದಾಖಲೆ ಕೇಳದ ಕಾಲದಲ್ಲಿ ಹುಟ್ಟಿದ್ದು ಅವರ ಪುಣ್ಯ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವುದರಿಂದ, ‘ಇವನೇ ಅವನು’ ಎಂದು ಸಾರುವ ಅಫಿಡವಿಟ್ಟುಗಳನ್ನು ಬಾಯಿಮಾತಿನ ಕಾವ್ಯಪ್ರಕಾರವೆಂದು ಸಂಗ್ರಹಿಸುವ ಯೋಜನೆಯನ್ನು ಪರಿಶೀಲಿಸಬಹುದು.

ಸವಣೂರಿನ ತೊಡಕು ಭೂಗೋಳದ್ದು. ಅಲ್ಲಿ ಹುಟ್ಟಿದ ಹಿರಿಯರು ಮನೆಯ ಕಟ್ಟೆಯಿಂದ ಏಳದೆಯೇ ನವಾಬರ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ ಎಂದು ವಲಸೆ ಹೋಗಿದ್ದಾರೆ. 1997ರ ಆಗಸ್ಟ್ 24ರಂದು ಜಿಲ್ಲೆಯೂ ಧಾರವಾಡದಿಂದ ಹಾವೇರಿಯಾಯಿತು. ಅದಕ್ಕಿಂತ ಮೊದಲು ಹುಟ್ಟಿದ ವಧುವಿನ ಜನನ ದಾಖಲೆಯಲ್ಲಿ ಒಂದು ಜಿಲ್ಲೆ, ವಿಳಾಸದಲ್ಲಿ ಇನ್ನೊಂದು. 1909ರಲ್ಲಿ ಇಲ್ಲೇ ಹುಟ್ಟಿದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋಗಿಬಂದದ್ದು ಇಂಥ ವೀಸಾಗಳು ಹುಟ್ಟುವ ಮೊದಲು. ಕಾಮನ್‌ವೆಲ್ತ್ ದೇಶಗಳವರಿಗೆ ಬ್ರಿಟನ್ನಿನ ಬಾಗಿಲು ಓರೆಯಾದದ್ದು 1962ರ ಕಾಯಿದೆಯಿಂದ. ನೆಲೆಸುವಿಕೆಯ ವಿಷಯದಲ್ಲಿ ಈ ಊರಿಗೆ ಅದಕ್ಕಿಂತ ಹಳೆಯ ನಿದರ್ಶನವೊಂದಿದೆ. ಕಲ್ಮಠದ ಆವರಣದ ಮೂರು ದೊಡ್ಡ ಹುಣಸೆ ಮರಗಳು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಯಾವ ಸಂಬಳದ ಚೀಟಿಯೂ ಇಲ್ಲದೆ ಬಂದು ಶತಮಾನಗಟ್ಟಲೆ ನಿಂತವು. 2023ರ ಜುಲೈ ಮಳೆಗೆ ಅವುಗಳಲ್ಲೊಂದು ಉರುಳಿದಾಗ ಅದನ್ನು ವಾಪಸು ಕಳಿಸುವ ಮಾತು ಯಾರೂ ಆಡಲಿಲ್ಲ; ಕ್ರೇನು ತಂದು ಎತ್ತಿ ಅಲ್ಲೇ ಮತ್ತೆ ನೆಟ್ಟರು.

ಸಾಕ್ಷಿ ಪ್ರಮಾಣದಲ್ಲಿ ನಮ್ಮವರು ಸೋಲಬಾರದಿತ್ತು. ಮದುವೆ ನಿಜವೆಂದು ತೋರಿಸಿ ಎಂದರೆ ಇಲ್ಲಿಯ ಮನೆಯವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ; ಊರಿಗೆ ಊರೇ ಉಂಡು ಹೋಗಿದೆಯಲ್ಲ? ಹಂದರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಮುಯ್ಯಿ ಬರೆದ ಮಾವನ ವಹಿಯನ್ನು ಹತ್ತಿರದಿಂದ ನೋಡಬೇಕು. ಉದ್ದ ನೋಟ್‌ಬುಕ್ಕು, ಮೊದಲ ಪುಟದ ತುದಿಗೆ ಅರಿಸಿನ, ಕೆಳಗೆ ‘ಶ್ರೀ’. ಹೆಸರು, ಊರು, ಮೊತ್ತ, ಐದುನೂರೊಂದು, ಇನ್ನೂರೊಂದು, ಒಂದು ಸ್ಟೀಲ್ ಕೊಡ. ಯಾರು ಬಂದರು, ಯಾರು ಬಾರದೆ ಕಳಿಸಿಕೊಟ್ಟರು, ಯಾರದು ಹಿಂದಿನ ಮದುವೆಯ ತೀರುವಳಿ ಎಂಬುದೆಲ್ಲ ಅದರಲ್ಲಿದೆ. ಲೆಕ್ಕ ಒಂದು ರೂಪಾಯಿ ತಪ್ಪಿದರೆ ಎರಡು ಮನೆತನ ಮಾತು ಬಿಡುತ್ತವೆ. ಇಷ್ಟು ಕಟ್ಟುನಿಟ್ಟಾಗಿ ಆಡಿಟ್ ಆಗುವ ದಸ್ತಾವೇಜು ಲಂಡನ್ನಿನ ಯಾವ ಬ್ಯಾಂಕಿನಲ್ಲೂ ಇರಲಿಕ್ಕಿಲ್ಲ. ವೀಸಾ ನಿಯಮ ಹೆಸರಿಸುವ ಕಾಗದಗಳಲ್ಲಿ ಅದಕ್ಕೆ ಜಾಗವಿಲ್ಲ. ಬೇಕಾದದ್ದು ಉಪನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರ. ಕನ್ನಡದಲ್ಲಿರುವ ಕಾಗದ ಯಾವುದೇ ಇರಲಿ, ‘ಇದು ಸರಿಯಾದ ಅನುವಾದ’ ಎಂದು ಅನುವಾದಕ ಹೆಸರು, ತಾರೀಖು, ಸಹಿ ಹಾಕಿ ಕೊಟ್ಟ ಪ್ರತಿ. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದ್ದರೂ, ನಮ್ಮಲ್ಲಿ ಎಷ್ಟೋ ಮನೆಯವರಿಗೆ ಆ ಕಚೇರಿಯ ದಾರಿ ನೆನಪಾಗುವುದು ವೀಸಾದ ಮಾತು ಬಂದಾಗಲೇ.

ಉಳಿದದ್ದು ಯಾತ್ರಾ ಪ್ರಕರಣ. ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರ ಬ್ರಿಟನ್ ಒಪ್ಪಿದ ಆಸ್ಪತ್ರೆಯದೇ ಆಗಬೇಕು. ಬೆರಳಚ್ಚಿಗೆ ಬೆಂಗಳೂರು, ಹಾವೇರಿಯಿಂದ ಸುಮಾರು 340 ಕಿಲೋಮೀಟರು. ಇಂಗ್ಲಿಷ್ ಪರೀಕ್ಷೆ ಎ1 ಮಟ್ಟದ್ದು, ಮಾತಾಡುವುದು ಮತ್ತು ಕೇಳಿಸಿಕೊಳ್ಳುವುದು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಏಕಕಾಲಕ್ಕೆ ನಾಲ್ವರೊಂದಿಗೆ ಮಾತಾಡಬಲ್ಲ ವಧು ಇಲ್ಲಿ ಒಬ್ಬರೊಂದಿಗೆ ಮಾತಾಡಲು ತಡವರಿಸುತ್ತಾಳೆ. ಆರೋಗ್ಯ ಸೇವೆಯ ಸರ್ಚಾರ್ಜು ವರ್ಷಕ್ಕೆ 1,035 ಪೌಂಡಿನಂತೆ ಮೊದಲ 33 ತಿಂಗಳಿಗೆ 3,105 ಪೌಂಡ್. ಕಾಯಿಲೆ ಬೀಳುವ ಮೊದಲೇ ಪೂರ್ತಿ ಕಟ್ಟಬೇಕು. ಅರ್ಜಿ ಶುಲ್ಕ ಬೇರೆ.

ವೀಸಾ ಸಿಕ್ಕಿತೆನ್ನಿ. ಸುಮಾರು ಎರಡೂವರೆ ವರ್ಷಕ್ಕೆ ನವೀಕರಣ, ಮತ್ತೆ ಪಗಾರ, ಮತ್ತೆ ಇಂಗ್ಲಿಷು, ಈ ಸಲ ಎ2. ಆದರೆ ಆ ಘಟ್ಟದಲ್ಲಿ ವಿಜ್ಞಾನೇಶ್ವರನ ಎರಡನೆಯ ಪ್ರಮಾಣಕ್ಕೆ ಕೊನೆಗೂ ಮನ್ನಣೆ ದೊರೆಯುತ್ತದೆ. ಗಂಡಹೆಂಡತಿ ಒಂದೇ ಮನೆಯಲ್ಲಿ ಬಾಳಿದ್ದಾರೆಂಬ ಅನುಭೋಗವನ್ನು ತೋರಿಸಬೇಕು. ಅದಕ್ಕೆ ಇಬ್ಬರ ಹೆಸರಿಗೂ ಅದೇ ವಿಳಾಸಕ್ಕೆ ಬಂದ ಪತ್ರಗಳು, ಕರೆಂಟಿನ ಬಿಲ್ಲು, ನೀರಿನ ಬಿಲ್ಲು, ಬ್ಯಾಂಕಿನ ಕಾಗದ, ಬೇರೆಬೇರೆ ಕಡೆಯಿಂದ, ಎರಡು ವರ್ಷದುದ್ದಕ್ಕೂ ಹಂಚಿದಂತೆ. ಮಗಳು ಫೋನಿನಲ್ಲಿ ಅತ್ತರೆ ಹಾನಗಲ್ಲಿನ ತಾಯಿ ಮೊದಲೆಲ್ಲ ಅಳಿಯ ಬೈದನೇ, ಹೊಡೆದನೇ ಎಂದು ಕೇಳುತ್ತಿದ್ದರು. ಏಜೆಂಟರೊಂದಿಗೆ ಎರಡು ತಾಸು ಕೂತು ಬಂದ ಮೇಲೆ ಕೇಳುವ ಕ್ರಮ ಬದಲಾಗಿದೆ.

“ಅಳಬ್ಯಾಡವ್ವಾ. ಮದ್ಲ ಇದನ್ನ ಹೇಳು, ನೀರಿನ ಬಿಲ್ಲಿನ್ಯಾಗ ನಿನ್ನ ಹೆಸರು ಹಾಕ್ಯಾರೋ ಇಲ್ಲೋ?”